ಕುಡಿಯುವುದು ಇಟಲಿಯಲ್ಲಿ, ಬೆಳೆದದ್ದು ಯಾರ ತೋಟದಲ್ಲಿ?

ಈಗ ನಮ್ಮ ಹಳ್ಳಿಗಳಿಂದಲೂ ವಿದೇಶಕ್ಕೆ ಹೋಗಿ ಬರುವವರಿದ್ದಾರೆ. ಮಗ ಅಲ್ಲಿ ಕೆಲಸದಲ್ಲಿದ್ದಾನೆ ಎಂದು ಅಪ್ಪ ಅಮ್ಮ ಹೋಗುತ್ತಾರೆ. ಟೂರ್ ಕಂಪನಿಯವರ ಜೊತೆ ಹತ್ತು ದಿನದಲ್ಲಿ ಏಳು ದೇಶ ನೋಡಿ ಬರುವವರೂ ಇದ್ದಾರೆ. ಹೋದವರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದು ಫೋಟೊ ಮಾತ್ರ ತಪ್ಪುವುದಿಲ್ಲ. ರೋಮ್ ಅಥವಾ ವೆನಿಸ್, ಬೆಳಗಿನ ಎಳೆ ಬಿಸಿಲು, ಅಂಗೈಯೊಳಗೆ ಅಡಗುವಷ್ಟು ಚಿಕ್ಕ ಬಿಳಿ ಕಪ್ಪು, ಅದರಲ್ಲಿ ಕಪ್ಪನೆಯ ಕಾಫಿ.

ಊರಿಗೆ ಬಂದ ಮೇಲೆ ಇವರು ಎರಡು ಪಕ್ಷವಾಗುತ್ತಾರೆ.

ಒಂದು ಪಕ್ಷದವರು ಹೇಳುವುದು ಹೀಗೆ: "ಕಾಫಿ ಅಂದ್ರೆ ಇಟಲಿಯವರದ್ದಪ್ಪ. ನಾವು ಕುಡಿಯೋದೆಲ್ಲ ಹಾಲು, ಸಕ್ಕರೆ, ಬಿಸಿನೀರು." ಇನ್ನೊಂದು ಪಕ್ಷದವರು ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಮೊದಲು ಸ್ಟೀಲ್ ಫಿಲ್ಟರ್ ಮತ್ತು ಅರ್ಧ ಕಿಲೋ ಪುಡಿ ಇಟ್ಟುಕೊಂಡು ಹೋದವರು. ಅವರ ಮಾತು ಬೇರೆ: "ಅವರಿಗೇನು ಕಾಫಿ ಗೊತ್ತು? ಒಂದು ಗುಟುಕು ಕಹಿ ಕಷಾಯ ಕೊಟ್ಟು ನೂರು ರೂಪಾಯಿ ಕಿತ್ತುಕೊಳ್ತಾರೆ."

ನಮ್ಮ ಜಗಳ ಇಬ್ಬರ ಜೊತೆಗೂ ಇದೆ. ಏಕೆಂದರೆ ಹೊಗಳಿದವರೂ ತೆಗಳಿದವರೂ ಆ ಕಪ್ಪಿನ ಮುಂದೆ ನಿಂತು ಕೇಳಬೇಕಾಗಿದ್ದ ಒಂದು ಮಾತನ್ನು ಕೇಳಲಿಲ್ಲ. ಈ ಬೀಜ ಎಲ್ಲಿಂದ ಬಂತು?

ಇಟಲಿಯಲ್ಲಿ ಕಾಫಿ ಬೆಳೆಯುವುದಿಲ್ಲ. ವ್ಯಾಪಾರ ನಡೆಸುವಷ್ಟಂತೂ ಇಲ್ಲವೇ ಇಲ್ಲ. ಅಲ್ಲಿನ ಪ್ರತಿ ಕಪ್ಪೂ ಬೇರೆ ದೇಶದ ಬೀಜದಿಂದಲೇ ಆಗಬೇಕು. ಹಾಗಾದರೆ ಯಾರಿಂದ ಕೊಳ್ಳುತ್ತಾರೆ? ಬ್ರೆಜಿಲ್, ವಿಯೆಟ್ನಾಂ, ಉಗಾಂಡ, ಜೊತೆಗೆ ನಮ್ಮಿಂದ. ಭಾರತದಿಂದ ಹೊರಹೋಗುವ ಕಾಫಿಯನ್ನು ಕೊಳ್ಳುವ ದೇಶಗಳ ಪಟ್ಟಿಯಲ್ಲಿ ಅನೇಕ ವರ್ಷಗಳಿಂದ ಮೊದಲ ಹೆಸರು ಇಟಲಿಯದ್ದೇ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕರ್ನಾಟಕದ್ದು. ಅದರಲ್ಲೂ ಅತಿ ಹೆಚ್ಚು ಬೆಳೆಯುವ ಜಿಲ್ಲೆ ಕೊಡಗು, ಆಮೇಲೆ ಚಿಕ್ಕಮಗಳೂರು, ಹಾಸನ.

ಅಂದರೆ ವಿರಾಜಪೇಟೆಯ ಕಣದಲ್ಲಿ ಒಣಗಿದ ಬೀಜ ಹಡಗು ಹತ್ತಿ ಹೋಗಿ, ಅಲ್ಲಿ ಹುರಿದು, ಪುಡಿಯಾಗಿ, ನಮ್ಮವರ ಕೈಗೇ ಬಂದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಒಬ್ಬರು ಅದನ್ನು ಕುಡಿದು "ನಮ್ಮ ಕಾಫಿ ಏನೂ ಅಲ್ಲ" ಎಂದರು. ಇನ್ನೊಬ್ಬರು ಅದನ್ನೇ ಕುಡಿದು "ಇವರ ಕಾಫಿ ಏನೂ ಅಲ್ಲ" ಎಂದರು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಕೇಳಿದ್ದೀರಿ. ಇಲ್ಲಿ ಅದು ನಮ್ಮ ಹಿತ್ತಲ ಗಿಡ ಎಂಬುದೇ ಇಬ್ಬರಿಗೂ ಗೊತ್ತಿಲ್ಲ.

ಮೊದಲು ಅವರಿಗೆ ಸಲ್ಲಬೇಕಾದ್ದು ಸಲ್ಲಲಿ

ಇಟಲಿಯವರ ಬೆಳಗಿನ ಕಾಫಿಯನ್ನು ಗೇಲಿ ಮಾಡುವುದು ನಮ್ಮ ಉದ್ದೇಶವಲ್ಲ. ಅದು ಒಳ್ಳೆಯ ಪದ್ಧತಿ. ಅದರಲ್ಲಿ ಕಲಿಯುವುದೂ ಇದೆ.

ಅಲ್ಲಿ ಕಾಫಿ ಕುಡಿಯುವ ಅಂಗಡಿಗೆ 'ಬಾರ್' ಎನ್ನುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ, ಬೆಳಗ್ಗೆ ಅಲ್ಲಿ ಮುಖ್ಯ ವ್ಯಾಪಾರ ಕಾಫಿಯದ್ದೇ. ನಮ್ಮ ದರ್ಶಿನಿಯಲ್ಲಿ ಟೋಕನ್ ತೆಗೆದುಕೊಳ್ಳುವ ಹಾಗೆ ಅನೇಕ ಕಡೆ ಮೊದಲು ದುಡ್ಡು ಕೊಟ್ಟು ಚೀಟಿ ಪಡೆಯಬೇಕು. ಚೀಟಿಯನ್ನು ಕಟ್ಟೆಯ ಮೇಲಿಟ್ಟು ನಿಂತರೆ ಕಾಫಿ ಬರುತ್ತದೆ. ಬರೀ 'ಕಾಫಿ' ಎಂದು ಕೇಳಿದರೆ ಕೊಡುವುದು ಎಸ್ಪ್ರೆಸೊ. ಸುಮಾರು 7 ಗ್ರಾಂ ಪುಡಿ, ಅದರ ಮೂಲಕ ಒತ್ತಡದಲ್ಲಿ ನುಗ್ಗುವ ಬಿಸಿನೀರು, ಅರ್ಧ ನಿಮಿಷದೊಳಗೆ 25-30 ಮಿಲಿ ಲೀಟರ್ ಕಾಫಿ. ಮೇಲೆ ಹೊಂಬಣ್ಣದ ನೊರೆ. ಹಾಲು ಬೇಕೆಂದರೆ ಕಪುಚಿನೊ ಇದೆ, ಆದರೆ ಅದು ಬೆಳಗಿನ ತಿಂಡಿಗೆ ಮಾತ್ರ. ಊಟವಾದ ಮೇಲೆ ಅದನ್ನು ಕೇಳಿದರೆ ಪರದೇಶದವರು ಎಂದು ಗೊತ್ತಾಗಿಬಿಡುತ್ತದೆ.

ನಿಂತು ಕುಡಿದರೆ ಒಂದು ಬೆಲೆ, ಕೂತು ಕುಡಿದರೆ ಹೆಚ್ಚು ಬೆಲೆ. ನಿಂತವರಿಗೆ ಸಾಮಾನ್ಯವಾಗಿ ಒಂದು, ಒಂದೂಕಾಲು ಯೂರೊ. ಅಲ್ಲಿಯ ದುಡಿಮೆಗೆ ಅದು ದೊಡ್ಡ ಮೊತ್ತವಲ್ಲ. ಹಾಗಾಗಿ ಕಸ ಗುಡಿಸುವವನೂ ಕೋರ್ಟಿನ ವಕೀಲನೂ ಒಂದೇ ಕಟ್ಟೆಗೆ ಮೊಣಕೈ ಊರಿ, ಒಂದೇ ಬಗೆಯ ಪಿಂಗಾಣಿ ಕಪ್ಪಿನಲ್ಲಿ ಕುಡಿಯುತ್ತಾರೆ. ನಮ್ಮ ಕೆಲವು ಹಳ್ಳಿಗಳ ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದ ಕಾಲ ಇತ್ತು. ಪೂರ್ತಿ ಹೋಗಿದೆಯೇ ಎಂದು ನಿಮ್ಮ ಸುತ್ತ ನೀವೇ ನೋಡಿಕೊಳ್ಳಿ. ಒಂದೇ ಕಟ್ಟೆ, ಒಂದೇ ಕಪ್ಪು ಎನ್ನುವುದು ಸಣ್ಣ ಮಾತಲ್ಲ.

ನೇಪಲ್ಸ್ ಪಟ್ಟಣದಲ್ಲಿ ಇನ್ನೂ ಒಂದು ಪದ್ಧತಿ ಇದೆ. ಒಬ್ಬ ಒಂದು ಕಾಫಿ ಕುಡಿದು ಎರಡಕ್ಕೆ ದುಡ್ಡು ಕೊಡುತ್ತಾನೆ. ಎರಡನೆಯದು ಆಮೇಲೆ ಬರುವ, ಕೈಯಲ್ಲಿ ಕಾಸಿಲ್ಲದ ಯಾರೋ ಒಬ್ಬರಿಗೆ. ಕೊಟ್ಟವನಿಗೆ ಕುಡಿದವನು ಗೊತ್ತಿಲ್ಲ, ಕುಡಿದವನಿಗೆ ಕೊಟ್ಟವನು ಗೊತ್ತಿಲ್ಲ.

ಇದೆಲ್ಲ ನಿಜ. ಇದಕ್ಕೆ ನಮಸ್ಕಾರ. ಆದರೆ ಗುರುತಿಲ್ಲದ ಬಡವನನ್ನೂ ನೆನೆಯುವ ಆ ಕಟ್ಟೆಯ ಮೇಲೆ ಬೀಜ ಬೆಳೆದವನ ನೆನಪು ಮಾತ್ರ ಯಾಕಿಲ್ಲ?

ಊರಿನ ಹೆಸರಿನ ಬೆಲೆ ಗೊತ್ತಿರುವವರೇ ಅವರು

ಹೆಸರಿಗೆ ಬೆಲೆಯಿದೆ ಎಂದು ಇಟಲಿಯವರಿಗೆ ನಾವು ಪಾಠ ಹೇಳಬೇಕಾಗಿಲ್ಲ. ಪಾರ್ಮಾ ಎಂಬ ಊರಿನ ಸುತ್ತಮುತ್ತ ಮಾಡುವ ಒಂದು ಗಿಣ್ಣು ಇದೆ. ಪಾರ್ಮಿಜಾನೊ ರೆಜ್ಜಾನೊ ಅದರ ಹೆಸರು. ಪಾರ್ಮಾ, ರೆಜ್ಜೊ ಎಮಿಲಿಯಾ ಮೊದಲಾದ ಗೊತ್ತುಪಡಿಸಿದ ಪ್ರದೇಶದಲ್ಲಿ, ಅಲ್ಲಿಯ ಹಾಲಿನಿಂದ, ಅಲ್ಲಿಯ ಕ್ರಮದಲ್ಲಿ ಮಾಡಿದರೆ ಮಾತ್ರ ಆ ಹೆಸರು ಇಡಬಹುದು. ಬೇರೆಯವರು ಇಟ್ಟರೆ ಯುರೋಪಿನಲ್ಲಿ ಕಾನೂನು ಅಡ್ಡ ಬರುತ್ತದೆ.

2022ರಲ್ಲಿ ಇಟಲಿಯ ಕೃಷಿ ಸಚಿವಾಲಯ ತಮ್ಮ ಎಸ್ಪ್ರೆಸೊ ಕುಡಿಯುವ ಸಂಪ್ರದಾಯಕ್ಕೆ ಯುನೆಸ್ಕೊ ಮನ್ನಣೆ ಸಿಗಬೇಕೆಂದು ಪ್ರಸ್ತಾವ ಮುಂದಿಟ್ಟಿತು. ಇಡಲಿ, ತಪ್ಪಿಲ್ಲ. ಎಸ್ಪ್ರೆಸೊ ಯಂತ್ರ ಅವರ ಬುದ್ಧಿಯೇ. 1884ರಲ್ಲಿ ಟ್ಯೂರಿನ್‌ನ ಆಂಜೆಲೊ ಮೊರಿಯೊಂಡೊ ಮೊದಲ ಪೇಟೆಂಟ್ ಪಡೆದ. 1901ರಲ್ಲಿ ಮಿಲಾನ್‌ನ ಲುಯಿಜಿ ಬೆಜ್ಜೆರಾ ಒಂದೊಂದೇ ಕಪ್ಪು ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಈಗ ನಾವು ನೋಡುವ ದಪ್ಪ ನೊರೆ ಬಂದದ್ದು ಎರಡನೇ ಮಹಾಯುದ್ಧದ ನಂತರ, ಆಕಿಲ್ಲೆ ಗಾಜ್ಜಾ ಎಂಬಾತನ ಯಂತ್ರದಿಂದ.

ಯಂತ್ರ ಮಾಡಿದವನ ಹೆಸರು, ಊರು, ಇಸವಿ ಎಲ್ಲ ದಾಖಲಾಗಿದೆ. ಗಿಣ್ಣು ಮಾಡುವ ಊರಿನ ಹೆಸರಿಗೆ ಕಾನೂನಿನ ಕಾವಲಿದೆ. ಆದರೆ ಕಾಫಿಯ ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ 'ಇಟಲಿಯ ಕಾಫಿ' ಎಂದಿರುತ್ತದೆ. ಒಳಗಿನ ಬೀಜ ಯಾವ ದೇಶದ್ದು ಎಂಬುದು ಹೆಚ್ಚಿನ ಸಾಮಾನ್ಯ ಪೊಟ್ಟಣಗಳಲ್ಲಿ ಕಾಣುವುದಿಲ್ಲ. ಬಾರ್‌ನ ಕಟ್ಟೆಯ ಮೇಲಂತೂ ಆ ಮಾತೇ ಇಲ್ಲ. ಒಂದೇ ದೇಶದ ಬೀಜವನ್ನು 'ಇಂಡಿಯಾ' ಎಂದು ಹೆಸರಿಸಿ ಮಾರುವ ಕಂಪನಿಗಳೂ ಕೆಲವಿವೆ. ಅವರಿಗೆ ಸಂತೋಷದಿಂದ ಕೈ ಮುಗಿಯೋಣ. ಕೆಲವರಿಗೆ ಸಾಧ್ಯವಾದದ್ದು ಉಳಿದವರಿಗೆ ಯಾಕೆ ಆಗುವುದಿಲ್ಲ ಎಂಬುದೇ ನಮ್ಮ ಪ್ರಶ್ನೆ.

ಒಂದು ಕಪ್ಪಿನ ಲೆಕ್ಕ

ಮೊಬೈಲಿನಲ್ಲೇ ಲೆಕ್ಕ ಹಾಕಬಹುದು. ಒಂದು ಕಪ್ಪಿಗೆ 7 ಗ್ರಾಂ ಎಂದರೆ ಒಂದು ಕಿಲೋ ಪುಡಿಯಲ್ಲಿ ಸುಮಾರು 140 ಕಪ್ಪು. ಹುರಿಯುವಾಗ ತೂಕ ಇಳಿಯುವುದರಿಂದ ಒಂದು ಕಿಲೋ ಪುಡಿಗೆ ಹತ್ತಿರ ಹತ್ತಿರ 1.2 ಕಿಲೋ ಹಸಿ ಬೀಜ ಬೇಕು.

ಕಪ್ಪಿಗೆ 1.2 ಯೂರೊ, ಯೂರೊಗೆ ಸುಮಾರು 100 ರೂಪಾಯಿ ಎಂದು ಇಟ್ಟುಕೊಳ್ಳಿ. 140 ಕಪ್ಪಿಗೆ 16,800 ರೂಪಾಯಿ. ಬೆಳೆಗಾರನಿಗೆ ಕಿಲೋ ಬೀಜಕ್ಕೆ 400 ರೂಪಾಯಿ ಸಿಕ್ಕಿತು ಎಂದುಕೊಂಡರೂ 1.2 ಕಿಲೋಗೆ 480 ರೂಪಾಯಿ. ಅಂದರೆ 120 ರೂಪಾಯಿಯ ಕಪ್ಪಿನಲ್ಲಿ ತೋಟಕ್ಕೆ ಬಂದದ್ದು ಮೂರೂವರೆ ರೂಪಾಯಿಯ ಒಳಗೆ. ಅದರಲ್ಲೇ ಗೊಬ್ಬರ, ಔಷಧಿ, ಹೂವಿಗೆ ಹಾಯಿಸುವ ಸ್ಪ್ರಿಂಕ್ಲರ್ ನೀರು, ಮರ ಕಸಿ, ಹಣ್ಣು ಕುಯ್ಯುವವರ ಕೂಲಿ ಎಲ್ಲ ಬರಬೇಕು.

ಉಳಿದದ್ದೆಲ್ಲ ಲೂಟಿ ಎಂದು ನಾವು ಹೇಳುತ್ತಿಲ್ಲ. ಬಾರ್‌ನವನಿಗೆ ಬಾಡಿಗೆ ಇದೆ, ಸಂಬಳ ಇದೆ, ಕರೆಂಟು ಇದೆ, ತೆರಿಗೆ ಇದೆ. ಹುರಿಯುವವನಿಗೆ ತನ್ನ ಖರ್ಚಿದೆ. ಆದರೆ ಈ ಸರಪಳಿಯಲ್ಲಿ ಎಲ್ಲರಿಗೂ ಬೋರ್ಡ್ ಇದೆ. ಬಾರ್‌ಗೆ ಹೆಸರಿದೆ, ಪುಡಿಯ ಕಂಪನಿಗೆ ಹೆಸರಿದೆ, ಯಂತ್ರದ ಮೇಲೂ ಹೆಸರಿದೆ. ಹೆಸರಿಲ್ಲದವನು ಬೆಳೆಗಾರ ಒಬ್ಬನೇ. ಕೊನೆಯ ಪಾಲು ಸಿಗುವುದೂ ಅವನಿಗೇ. ಇವೆರಡಕ್ಕೂ ಸಂಬಂಧ ಇಲ್ಲ ಎನ್ನುತ್ತೀರಾ?

ಸಂಬಂಧ ಇದೆ, ನೋಡಿ. ರೋಬಸ್ಟಾ ಕಾಫಿಯ ಬೆಲೆ ನಿರ್ಧಾರವಾಗುವುದು ಲಂಡನ್ನಿನ ಮಾರುಕಟ್ಟೆಯಲ್ಲಿ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ಸಿದ್ದಾಪುರದಲ್ಲಿ ಬೆಲೆ ಏರುತ್ತದೆ, ವಿಯೆಟ್ನಾಂನಲ್ಲಿ ಬೆಳೆ ಜಾಸ್ತಿಯಾದರೆ ಸಕಲೇಶಪುರದಲ್ಲಿ ಇಳಿಯುತ್ತದೆ. ಹೆಸರಿಲ್ಲದ ಬೀಜಕ್ಕೆ ಬದಲಿ ಸುಲಭ. ಇವನು ಕೊಡದಿದ್ದರೆ ಅವನು ಕೊಡುತ್ತಾನೆ. ಕುಡಿಯುವವನೇ "ನನಗೆ ಕೊಡಗಿನದ್ದು ಬೇಕು" ಎಂದು ಕೇಳುವ ದಿನ ಬಂದರೆ ಕೊಳ್ಳುವವನಿಗೆ ಬದಲಿ ಇರುವುದಿಲ್ಲ. ಆಗ ಬೆಳೆಗಾರ ಚೌಕಾಸಿ ಮಾಡಬಹುದು.

ನಮ್ಮ ರೋಬಸ್ಟಾ ಕಳಪೆ ಎಂಬ ಮಾತಿಗೂ ಉತ್ತರ ಅಲ್ಲಿಯೇ ಇದೆ. ಎಸ್ಪ್ರೆಸೊ ಮೇಲಿನ ದಪ್ಪ ನೊರೆಗೆ, ನಾಲಿಗೆಯಲ್ಲಿ ಉಳಿಯುವ ಗಟ್ಟಿತನಕ್ಕೆ ರೋಬಸ್ಟಾ ಬೇಕು. ದಕ್ಷಿಣ ಇಟಲಿಯ ಕಾಫಿಯಲ್ಲಂತೂ ಅದರ ಪಾಲು ಹೆಚ್ಚು. ಮರದ ನೆರಳಲ್ಲಿ, ಮೆಣಸಿನ ಬಳ್ಳಿಯ ಪಕ್ಕದಲ್ಲಿ ಬೆಳೆದ ನಮ್ಮ ರೋಬಸ್ಟಾಕ್ಕೆ ಲಂಡನ್ ಬೆಲೆಯ ಮೇಲೆ ಒಂದಿಷ್ಟು ಹೆಚ್ಚು ಕೊಟ್ಟು ಕೊಳ್ಳುವವರಿದ್ದಾರೆ. ಗುಣ ಇದೆ ಎಂದು ಕೊಳ್ಳುವವನಿಗೆ ಗೊತ್ತು. ಕುಡಿಯುವವನಿಗೆ ಗೊತ್ತಾಗಬಾರದು, ಅಷ್ಟೇ.

ತೋಟದ ನಕ್ಷೆ ಬೇಕು, ತೋಟದ ಹೆಸರು ಬೇಡ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. 2023ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೊ, ರಬ್ಬರ್, ತಾಳೆಎಣ್ಣೆ, ಸೋಯಾ ಮುಂತಾದವು ಅಲ್ಲಿಗೆ ಬರುವಂತಿಲ್ಲ ಎಂಬುದು ಅದರ ಸಾರ. ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಇದಕ್ಕೆ ಸಾಕ್ಷಿ ಏನು? ಕಾಫಿ ಬೆಳೆದ ಪ್ರತಿ ತುಂಡು ಜಮೀನಿನ ಅಕ್ಷಾಂಶ ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡದಾದರೆ ಗಡಿಯ ಸುತ್ತಲಿನ ಗುರುತೆಲ್ಲ ಬೇಕು. ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ, ಕಾನೂನು ಮಾತ್ರ ಹೋಗಿಲ್ಲ. ನಮ್ಮಲ್ಲಿ ಹಿಡುವಳಿಗಳ ಬಹುಪಾಲು ಸಣ್ಣ ಬೆಳೆಗಾರರದ್ದು. ಎರಡು ಎಕರೆ ತೋಟ ಇರುವ ಅಕ್ಕನೂ ಪಹಣಿ, ಪೋಡಿ, ಜಂಟಿ ಖಾತೆ ಎಂದು ಕಚೇರಿ ಅಲೆದು ಈ ಗುರುತು ಹೊಂದಿಸಿಕೊಳ್ಳಬೇಕು.

ಈಗ ಯೋಚಿಸಿ. ತೋಟದ ಮೂಲೆ ಮೂಲೆ ಎಲ್ಲಿದೆ ಎಂದು ಉಪಗ್ರಹದಿಂದ ನೋಡಿ ತಿಳಿದುಕೊಳ್ಳುವ ವ್ಯವಸ್ಥೆ ಅವರಿಗೆ ಬೇಕು. ಆ ಮಾಹಿತಿ ಬೀಜದ ಜೊತೆ ಹೋಗಬೇಕು. ಅದನ್ನು ಸಂಗ್ರಹಿಸುವ ಕಷ್ಟ ಬೆಳೆಗಾರನಿಗೆ. ಅಷ್ಟೆಲ್ಲ ತಿಳಿದ ಮೇಲೂ ಕಪ್ಪಿನ ಪಕ್ಕದಲ್ಲಿ 'ಕೊಡಗು, ಕರ್ನಾಟಕ' ಎಂದು ಎರಡು ಪದ ಬರೆಯಲು ಜಾಗ ಇಲ್ಲ!

ತಪ್ಪು ಹುಡುಕುವುದಕ್ಕೆ ನಮ್ಮ ವಿಳಾಸ ಬೇಕು, ಒಪ್ಪು ಹೇಳುವುದಕ್ಕೆ ಬೇಡ. ಇದನ್ನು ನ್ಯಾಯ ಎನ್ನಲು ನಮಗೆ ಬಾಯಿ ಬರುವುದಿಲ್ಲ.

ನಾಲ್ಕು ಆಕ್ಷೇಪ, ನಾಲ್ಕು ಉತ್ತರ

"ಪುಡಿಯಲ್ಲಿ ನಾಲ್ಕಾರು ದೇಶದ ಬೀಜ ಬೆರೆಸಿರುತ್ತಾರೆ, ಎಲ್ಲ ಬರೆಯೋದು ಹೇಗೆ?" ನಮ್ಮ ಮನೆಯ ಕಾಫಿ ಪುಡಿ ಪೊಟ್ಟಣ ತೆಗೆದು ನೋಡಿ. ಕಾಫಿ ಶೇಕಡ ಎಷ್ಟು, ಚಿಕೋರಿ ಶೇಕಡ ಎಷ್ಟು ಎಂದು ಬರೆದಿದೆ. ಬೆರಕೆಯ ಪುಡಿಯಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಪ್ರಮಾಣ ಬರೆಯಲೇಬೇಕು ಎಂಬುದು ನಮ್ಮ ದೇಶದ ನಿಯಮ. ಚಿಕೋರಿಯ ಪಾಲು ಬರೆಯಲು ಬರುತ್ತದೆ, ದೇಶದ ಪಾಲು ಬರೆಯಲು ಬರುವುದಿಲ್ಲವೇ?

"ಈಗ ಬೆಲೆ ಚೆನ್ನಾಗಿದೆಯಲ್ಲ, ಯಾಕೆ ತಕರಾರು?" ಬೆಲೆ ಚೆನ್ನಾಗಿರುವಾಗಲೇ ಕೇಳಬೇಕು. 2000ದ ನಂತರದ ಎರಡು ಮೂರು ವರ್ಷ ಮಲೆನಾಡಿನವರಿಗೆ ಮರೆತಿಲ್ಲ. ಕುಯ್ಲಿನ ಕೂಲಿಯೂ ಗಿಟ್ಟದಷ್ಟು ಬೆಲೆ ಬಿದ್ದು ಸಾಲ ಬೆಟ್ಟವಾಗಿತ್ತು. ಆಗ ಇಟಲಿಯ ಕಪ್ಪಿನ ನೊರೆ ಒಂದು ಎಳೆಯೂ ಕಡಿಮೆಯಾಗಲಿಲ್ಲ.

"ತೋಟದ ಸಾಹುಕಾರರ ಪರವಾಗಿ ನೀವ್ಯಾಕೆ ಬರೀತೀರಿ?" ಕೇಳಬೇಕಾದ ಪ್ರಶ್ನೆ. ಹೆಸರು ಬೇಕಾಗಿರುವುದು ದೊಡ್ಡ ಎಸ್ಟೇಟಿಗಿಂತ ಹೆಚ್ಚಾಗಿ ಎರಡು ಎಕರೆಯವರಿಗೆ, ಲೈನ್ ಮನೆಯಲ್ಲಿ ಇರುವವರಿಗೆ. ಆನೆ ಹಾದಿಯಲ್ಲಿ ಜೀವ ಕೈಯಲ್ಲಿ ಹಿಡಿದು ಹಣ್ಣು ಕುಯ್ಯಲು ಹೋಗುವವರು ಅವರೇ. ಕಾಫಿಯ ಹುಟ್ಟೂರು ಜಗತ್ತಿಗೆ ಕಂಡರೆ ಅಲ್ಲಿಯ ಕೂಲಿ ಎಷ್ಟು, ಮನೆ ಹೇಗಿದೆ, ಶೌಚಾಲಯ ಇದೆಯೇ ಎಂಬುದೂ ಕಾಣುತ್ತದೆ. ಹೆಸರು ಹೊರಬಿದ್ದರೆ ಮಾಲೀಕರೂ ಉತ್ತರ ಹೇಳಬೇಕಾಗುತ್ತದೆ. ಕೆಲವರಿಗೆ ಅದು ರುಚಿಸಲಿಕ್ಕಿಲ್ಲ. ನಮಗೆ ಅದೂ ಬೇಕು.

"ನಮ್ಮ ಸರ್ಕಾರವೇ ಹೆಸರು ಕೊಟ್ಟಿದೆಯಲ್ಲ?" 2019ರಲ್ಲಿ ಐದು ಕಾಫಿಗಳಿಗೆ ಜಿಐ ಮಾನ್ಯತೆ ಸಿಕ್ಕಿತು, ನಿಜ. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ನಮ್ಮವು. ವಯನಾಡ್ ರೋಬಸ್ಟಾ ಕೇರಳದ್ದು, ಅರಕು ಆಂಧ್ರದ್ದು. ಕೊಡಗಿನಲ್ಲಿ ಹೆಚ್ಚು ಬೆಳೆಯುವುದು ರೋಬಸ್ಟಾ. ಆ ಐದರಲ್ಲಿ ಕೊಡಗಿನ ರೋಬಸ್ಟಾ ಇರಲಿಲ್ಲ. ಸರ್ಟಿಫಿಕೇಟ್ ಬೀರುವಿನಲ್ಲಿದ್ದರೆ ಸಾಲದು, ಪೊಟ್ಟಣದ ಮೇಲೆ ಬರಬೇಕು.

ಹಾಗಾದರೆ ಏನು ಮಾಡಬೇಕು?

ವಿದೇಶಕ್ಕೆ ಹೋಗುವ ಮಗಳಿಗೆ, ಅಳಿಯನಿಗೆ, ನೆಂಟರಿಗೆ ಈ ಬರಹ ಕಳಿಸಿ. ಫಿಲ್ಟರ್ ಒಯ್ಯಬೇಡಿ ಎಂದು ನಾವು ಹೇಳುವುದಿಲ್ಲ. ಬೆಳಗಾಗೆದ್ದು ಪರದೇಶದ ರೂಮಿನಲ್ಲಿ ಡಿಕಾಕ್ಷನ್ ಇಳಿಯುವ ವಾಸನೆ ಬಂದರೆ ಮನಸ್ಸಿಗೆ ಆಗುವ ಸಮಾಧಾನ ದೊಡ್ಡದು. ಅಲ್ಲಿಯ ಬಾರ್‌ಗೂ ಹೋಗಿ. ಕಟ್ಟೆಯ ಮುಂದೆ ನಿಂತು, ಅವರು ಕುಡಿಯುವ ಹಾಗೆಯೇ ಸವಿಯಿರಿ. ಸಕ್ಕರೆ ಹಾಕಿಕೊಂಡರೆ ಯಾರೂ ನಗುವುದಿಲ್ಲ, ಅವರೂ ಹಾಕಿಕೊಳ್ಳುತ್ತಾರೆ.

ಕುಡಿದಾದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ: "ಈ ಬೀಜ ಯಾವ ದೇಶದ್ದು?" ಭಾಷೆ ಬರದಿದ್ದರೆ ಮೊಬೈಲಿನಲ್ಲಿ ಅನುವಾದ ಮಾಡಿ ತೋರಿಸಿ. ಗೊತ್ತಿಲ್ಲ ಎನ್ನಬಹುದು. ಹತ್ತು ಜನ ಕೇಳಿದರೆ ಅವನು ತನಗೆ ಪುಡಿ ಕೊಡುವವನನ್ನು ಕೇಳುತ್ತಾನೆ. ಸೂಪರ್ ಮಾರ್ಕೆಟ್ಟಿಗೆ ಹೋದರೆ ಪೊಟ್ಟಣ ತಿರುಗಿಸಿ ನೋಡಿ. ಭಾರತದ ಹೆಸರು ಬರೆದ ಪೊಟ್ಟಣ ಕಂಡರೆ ಅದನ್ನೇ ಕೊಳ್ಳಿ, ಅದರ ಫೋಟೊ ಸ್ಟೇಟಸ್‌ಗೆ ಹಾಕಿ.

ಊರಲ್ಲಿರುವ ನಮಗೂ ಕೆಲಸ ಇದೆ. ನಾವು ಕೊಳ್ಳುವ ಪುಡಿಯ ಮೇಲೆ ಚಿಕೋರಿಯ ಲೆಕ್ಕ ಇದೆ, ಆದರೆ ಕಾಫಿ ಯಾವ ತಾಲ್ಲೂಕಿನದ್ದು ಎಂದು ಎಷ್ಟು ಪೊಟ್ಟಣದ ಮೇಲಿದೆ? ಪುಡಿ ಅಂಗಡಿಯವರನ್ನು ಕೇಳಿ. ಬೆಳೆಗಾರರ ಸಂಘದವರು ಕಾಫಿ ಮಂಡಳಿಯ ಮುಂದೆ ಒಂದು ಬೇಡಿಕೆ ಇಡಲಿ: ಯುರೋಪಿಗೆ ನಮ್ಮ ತೋಟದ ಗುರುತು ಕೊಡುವುದಾದರೆ, ಅದೇ ಗುರುತಿನಿಂದ ಜಿಲ್ಲೆಯ ಹೆಸರು ಪೊಟ್ಟಣದ ಮೇಲೆ ಬರುವಂತೆ ಮಾತುಕತೆ ನಡೆಸಿ. ದೇಶ ದೇಶಗಳ ನಡುವಿನ ವ್ಯಾಪಾರದ ಮೇಜಿನಲ್ಲಿ ಇದನ್ನು ಇಡುವುದು ಸರ್ಕಾರದ ಕೆಲಸ, ಇಡುವಂತೆ ಮಾಡುವುದು ನಮ್ಮ ಸಂಸದರ ಕೆಲಸ, ಅವರಿಗೆ ನೆನಪಿಸುವುದು ನಮ್ಮ ಕೆಲಸ.

ಬಾಬಾಬುಡನ್ ಮೆಕ್ಕಾ ಯಾತ್ರೆಯಿಂದ ಬರುವಾಗ ಯೆಮನ್ ದೇಶದಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಎಂಬ ಐತಿಹ್ಯ ನಮ್ಮಲ್ಲಿದೆ. ತಂದವರ ಹೆಸರನ್ನು ನಾವು ಬೆಟ್ಟಕ್ಕೇ ಇಟ್ಟು ಇಷ್ಟು ಕಾಲ ಉಳಿಸಿಕೊಂಡಿದ್ದೇವೆ. ಬೀಜ ಕೊಟ್ಟವರನ್ನು ನೆನೆಯುವುದು ಕಷ್ಟದ ಕೆಲಸವಲ್ಲ ಎನ್ನುವುದಕ್ಕೆ ಆ ಬೆಟ್ಟವೇ ಸಾಕ್ಷಿ. ಇಟಲಿಯವರಿಂದ ಬೆಟ್ಟ ಬೇಡ, ಪೊಟ್ಟಣದ ಮೇಲೆ ಒಂದು ಸಾಲು ಸಾಕು.